ಹೊಳಪಿನಮ್ಮ ಉಜ್ಜಿದ ಕೀಲು

ಕೃತಕ ಕೀಲು ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಹೊಳಪಿನಮ್ಮ. ಇಪ್ಪತ್ತೆರಡು ವರ್ಷ ಒಂದೇ ಉಜ್ಜುವ ಚಕ್ರದ ಮುಂದೆ ಕೂತವಳು. ತಟ್ಟೆಯಲ್ಲಿ ಗೀರು ಕಂಡರೂ ತುತ್ತು ಗಂಟಲಲ್ಲಿ ಇಳಿಯದು. "ನನ್ನ ಬೋಳುತಲೆ ನೋಡಿಯೇ ಇವಳು ಒಪ್ಕೊಂಡಿದ್ದು" ಎಂದು ಗಂಡ ಛೇಡಿಸುತ್ತಿದ್ದ. ಆ ಹೊಳಪಿನ ಹುಚ್ಚೇ ಕೊನೆಗೆ ಮುಳುವಾಯಿತು.

ಸೊಂಟದ ಕೀಲಿನ ಗುಂಡನ್ನು ಅವಳು ಮುಖ ಕಾಣುವಷ್ಟು ಉಜ್ಜುತ್ತಿದ್ದಳು. ಆದರೆ ತೊಡೆಮೂಳೆಯೊಳಗೆ ಇಳಿಯುವ ದಂಟನ್ನು ಮುಟ್ಟುವಂತಿರಲಿಲ್ಲ. ಅದು ಬೂದುಬಣ್ಣದಲ್ಲಿ ಒರಟಾಗಿಯೇ ಹೋಗಬೇಕು. ಯಾಕೆಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅರೆಬರೆ ಕೆಲಸ ಹೊರಗೆ ಹೋಗುತ್ತದಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದಳು.

ಈ ವರ್ಷ ಅಕ್ಕನಿಗೇ ಕೀಲು ಬದಲಿಸಬೇಕಾಯಿತು. ಅಮ್ಮ ಹೋದ ಮೇಲೆ ಇವಳನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ. ಅವಳ ಅಳತೆಗೆಂದೇ ಮಾಡಿದ ಕೀಲು ಇವಳ ಮೇಜಿಗೆ ಬಂತು. ಅಕ್ಕನ ಮೈಯೊಳಗೆ ಇಂಥ ಒರಟು ವಸ್ತುವೇ? ಮನಸ್ಸು ಒಪ್ಪಲಿಲ್ಲ. ಗುಂಡಿನ ಜೊತೆ ದಂಟನ್ನೂ ಫಳಫಳ ಹೊಳೆಯಿಸಿದಳು. ತಪಾಸಣೆಯವನು ಗುಂಡನ್ನಷ್ಟೇ ಅಳೆದು, "ನಿಮ್ಮ ಕೈ ದಾಟಿದ್ದನ್ನ ನಾನೇನು ನೋಡೋದು" ಎಂದು ಪೊಟ್ಟಣ ಮುಚ್ಚಿದ. ಪುಣ್ಯಾತ್ಮ ಒಂದು ಸಲ ಕಣ್ಣು ಬಿಟ್ಟು ನೋಡಿದ್ದರೆ!

ಆಪರೇಷನ್ ಆಗಿ ಎರಡು ತಿಂಗಳಿಗೆ, ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ವಿಜ್ಞಾನಿ ಎರಡು ಲೋಹದ ಬಿಲ್ಲೆ ತಂದು, ಒಂದನ್ನು ಮಾತ್ರ ಅವಳಿಂದ ಉಜ್ಜಿಸಿಕೊಂಡು ಹೋದಳು. ಎರಡರ ಮೇಲೂ ಮೂಳೆಯ ಜೀವಕೋಶ ಬಿಟ್ಟು ಬೆಳೆಸಿದಳು. ವಾರದ ಮೇಲೆ, "ಬನ್ನಿ ಅಮ್ಮಾ, ನಿಮ್ಮ ಕೈಕೆಲಸ ನೋಡಿ" ಎಂದು ಸೂಕ್ಷ್ಮದರ್ಶಕದ ಪರದೆಯ ಮುಂದೆ ಕೂರಿಸಿದಳು. ಉಜ್ಜದ ಬಿಲ್ಲೆಯ ಮೇಲೆ ಮೂಳೆಯ ಜೀವಕೋಶಗಳು ಕಾಲು ಚಾಚಿ, ಬರಿಗಣ್ಣಿಗೆ ಕಾಣದ ಗುಳಿಗಳ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಅವಳು ಉಜ್ಜಿದ್ದರ ಮೇಲೆ ಅಲ್ಲೊಂದು ಇಲ್ಲೊಂದು, ಅದೂ ಮುದುಡಿಕೊಂಡು.

"ಇದರ ಮೇಲೆ ಮೂಳೆ ಬೆಳೆಯಲ್ವಾ?"

"ಬೆಳೆದ್ರೂ ಗಟ್ಟಿಯಾಗಿ ಕಚ್ಕೊಳ್ಳಲ್ಲ. ಹಿಡಿತ ಸಿಗ್ಬೇಕಲ್ಲ? ಅದಕ್ಕೇ ನಾವು ದಂಟನ್ನ ಒರಟಾಗಿ ಬಿಡೋದು. ನುಣ್ಣಗಿದ್ರೆ ಒಳಗೊಳಗೇ ಸಡಿಲ ಆಗ್ತಾ ಹೋಗುತ್ತೆ."

ಹೊಳಪಿನಮ್ಮ ದಡಬಡ ಎದ್ದಳು. ಕೆಲಸದ ಬಟ್ಟೆಯಲ್ಲೇ ಅಕ್ಕನ ಮನೆಗೆ ಓಡಿದಳು.

ಅಕ್ಕ ಅಡುಗೆಮನೆಯಲ್ಲಿ ನಿಂತಿದ್ದಳು. ಊರುಗೋಲು ಗೋಡೆಗೆ ಒರಗಿತ್ತು. "ನೋಡೇ, ಕೋಲು ಬಿಟ್ಟೆ! ಎಲ್ಲಾ ನಿನ್ನ ಕೈಗುಣ." ತಿರುಗುವಾಗ ಮುಖ ಕಿವುಚಿದಳು. "ಹೆಜ್ಜೆ ಇಟ್ಟಾಗ ಮಾತ್ರ ತೊಡೆಯೊಳಗೆ ಏನೋ ಅಲ್ಲಾಡಿದ ಹಾಗಾಗುತ್ತೆ. ಮೊನ್ನೆಯಿಂದ ಜಾಸ್ತಿ. ಕೂಡ್ಕೊಳ್ಳೋಕೆ ಇನ್ನೂ ಟೈಮ್ ಬೇಕೇನೋ, ನಿನಗೇ ಗೊತ್ತಲ್ಲ."

"ಅಕ್ಕಾ, ಹೆಜ್ಜೆ ಇಡ್ಬೇಡ. ಅಲ್ಲೇ ಇರು." ಅವಳು ಕುರ್ಚಿ ಎಳೆದು ತಂದಳು. "ಕೂತ್ಕೋ. ನಾನೊಂದು ತಪ್ಪು ಮಾಡಿದೀನಿ. ಈಗಲೇ ಆಸ್ಪತ್ರೆಗೆ ಹೋಗ್ಬೇಕು."

"ನಿನ್ನ ಕೈಯಲ್ಲಿ ತಪ್ಪಾ? ಹೋಗೇ!" ಎಂದು ಅಕ್ಕ ನಕ್ಕಳು. ನಗುತ್ತಲೇ ತನ್ನ ಭಾರವನ್ನೆಲ್ಲ ತಂಗಿಯ ಹೆಗಲಿಗೆ ಬಿಟ್ಟು, ಮೆಲ್ಲಗೆ ಕೂತಳು.