ಅಪ್ಪ ಒತ್ತಿ ನೋಡಿದ ಗೂಡು

ಈಗಿನವರಿಗೆ ಟೀ ಸಕತ್, ಶರ್ಟು ಸಕತ್, ನೆನ್ನೆ ಹುಯ್ದ ಮಳೆಯೂ ಸಕತ್. ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮನೆಯಲ್ಲಿ ಆ ಮಾತು ಅಷ್ಟು ಅಗ್ಗವಾಗಿರಲಿಲ್ಲ.

ಅದು ಉರ್ದುವಿನಿಂದ ಬಂದದ್ದು. ಅಲ್ಲಿ ಅದಕ್ಕೆ ಗಟ್ಟಿ, ಬಿರುಸು ಎಂದರ್ಥ. ಗಟ್ಟಿ ಎನ್ನುವುದು ಬಲು ಚೆನ್ನ ಎಂದು ಹೇಗಾಯಿತೋ ಪಂಡಿತರು ಹೇಳಲಿ. ನನ್ನ ಮಟ್ಟಿಗೆ ಅದು ಆದದ್ದು ರಾಮನಗರದ ಗೂಡಿನ ಮಾರುಕಟ್ಟೆಯಲ್ಲೇ. ಗೂಡು ಕೊಂಡು ನೂಲು ಬಿಚ್ಚುವ, ಉರ್ದು ಮಾತಾಡುವ ರೀಲರುಗಳು ರೇಷ್ಮೆ ಗೂಡನ್ನು ಹೆಬ್ಬೆರಳಲ್ಲಿ ಒತ್ತಿ, ಅದು ತಗ್ಗದಿದ್ದರೆ 'ಸಕ್ತ್' ಎನ್ನುತ್ತಿದ್ದರು. ಗಟ್ಟಿ ಗೂಡಿನಲ್ಲೇ ನೂಲು ಹೆಚ್ಚು. ಅಪ್ಪ ಆ ಮಾತನ್ನೂ, ಕಣ್ಣು ಮುಚ್ಚಿ ಒತ್ತಿ ನೋಡುವ ಚಾಳಿಯನ್ನೂ ವಿರೂಪಾಕ್ಷಿಪುರದ ಬಳಿಯ ನಮ್ಮ ಮನೆಗೆ ತಂದ. ಅವ್ವನ ಸಾರಿಗೂ ಸಕತ್ ಅಂದವನಲ್ಲ, ನನ್ನ ಮದುವೆ ಸೀರೆಗೂ ಅಂದವನಲ್ಲ. ಗೂಡಿಗೆ ಮಾತ್ರ, ಅದೂ ತಾನು ಸಾಕಿದ ಹುಳದ ಗೂಡಿಗೆ.

ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಮತ್ತೆ ಮೆಲ್ಲಗೆ ಆಡತೊಡಗಿದಾಗ ಡಾಕ್ಟರು, ಮುಟ್ಟಿದ್ದು ಬೆರಳಿಗೆ ತಿಳಿಯುತ್ತದೆಯೇ ಎಂದು ಕೇಳಿದರು.

"ಎಲ್ಲಾ ಗೊತ್ತಾಯ್ತದೆ. ಕೈ ಸರಿಯಾಗೈತೆ" ಎಂದ ಅಪ್ಪ. ನಾವು ನಂಬಿದೆವು. ನಂಬುವುದೇ ಸುಲಭವಾಗಿತ್ತು.

ಹುಳದ ಮನೆ ನನ್ನ ಪಾಲಿಗೆ ಬಂತು. ಈ ಸಲ ಹುಳಕ್ಕೆ ರೋಗ ತಗುಲಿತು. ಸೊಪ್ಪು ತಿನ್ನದೆ ಎಷ್ಟೋ ಸತ್ತವು, ಉಳಿದವು ಹೇಗೋ ಮೆತ್ತಗಿನ ಗೂಡು ಕಟ್ಟಿದವು. ಬೈಸಿಕೊಳ್ಳಲೆಂದೇ ಒಂದು ಹಿಡಿ ಒಯ್ದು ಅಪ್ಪನ ಮಡಿಲಿಗೆ ಹಾಕಿದೆ. ಎಲ್ಲಿ ತಪ್ಪಿತೆಂದು ಅಪ್ಪನೇ ಹೇಳಬೇಕಿತ್ತು. ಅವನಿಲ್ಲದೆ ಮುಂದಿನ ಬೆಳೆಗೆ ಕೈ ಹಾಕುವ ಧೈರ್ಯ ನನಗಿರಲಿಲ್ಲ.

ಅಪ್ಪ ಹಟಕ್ಕೆ ಬಲಗೈಯಲ್ಲೇ ಒಂದನ್ನು ಎತ್ತಿಕೊಂಡ. ಎಂದಿನಂತೆ ಕಣ್ಣು ಮುಚ್ಚಿ ಒತ್ತಿದ. ಹೆಬ್ಬೆರಳು ಗೂಡಿನೊಳಕ್ಕೆ ಇಳಿದುಹೋಯಿತು.

"ಸಕತ್ತಾಗೈತೆ ಕಣವ್ವ. ನನ್ಗಿಂತ ಚೆನ್ನಾಗಿ ಬೆಳ್ದಿದ್ದೀಯ."

ಎಷ್ಟೋ ವರ್ಷದಿಂದ ಕಾದಿದ್ದ ಮಾತು. ಬಾಗಿಲಲ್ಲಿ ನಿಂತಿದ್ದ ಅವ್ವ ನನ್ನ ಮುಖ ನೋಡಿ ಒಳಗೆ ಹೋದಳು. ಅಪ್ಪ ಕಣ್ಣು ಬಿಡುವುದರೊಳಗೆ ನಜ್ಜಾದ ಗೂಡನ್ನು ಅವನ ಕೈಯಿಂದ ಬಿಡಿಸಿ ಸೆರಗಿಗೆ ಹಾಕಿಕೊಂಡೆ. ತೆಗೆದದ್ದೂ ಅವನಿಗೆ ತಿಳಿಯಲಿಲ್ಲ. ಹೆಬ್ಬೆರಳು ಇನ್ನೂ ಒತ್ತುತ್ತಲೇ ಇತ್ತು.