ಕೋಸಂಬರಿ ಕಲಸುವ ಟ್ರೇ

ದೆವ್ವ, ಶಕುನ, ಗಾಳಿ ಸೋಕು ಎಂದು ಯಾರಾದರೂ ಶುರುಮಾಡಿದರೆ ನನಗೆ ಮೈ ಉರಿಯುತ್ತಿತ್ತು. ನಾನು ವೈದ್ಯ, ಕಾರಣವಿಲ್ಲದ ಜ್ವರವನ್ನೂ ನಂಬುವವನಲ್ಲ. ಈಗಲೂ ಇಂಥ ಕಥೆ ಹೇಳುವವರನ್ನು ಕಂಡರೆ ಸಿಟ್ಟು ಬರುತ್ತದೆ. ಇವತ್ತು ನಾನೇ ಹೇಳಲು ಕೂತಿದ್ದೇನೆ, ನನ್ನ ಮೇಲೂ ಸಿಟ್ಟು ಬರುತ್ತಿದೆ.

ಆಗ ನಾವು ಅಡಿಲೇಡಿನ ಪ್ರಾಸ್ಪೆಕ್ಟ್‌ನಲ್ಲಿದ್ದೆವು. ಕೊಡಗಿನ ಪೂಣಚ್ಚ ನನ್ನದೇ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯ. ಅಲ್ಲಿ ಕಾಡು ಜಿಂಕೆ ಬೆಳೆಗೆ ಪೀಡೆ, ಕೋವಿ ಲೈಸೆನ್ಸ್ ಇದ್ದವರನ್ನು ರೈತರೇ ಬೇಟೆಗೆ ಕರೆಯುತ್ತಾರೆ. ಒಂದು ಶನಿವಾರ ಅವನ ಜೊತೆ ನಾನೂ ಹೊರಟೆ. ಹೊಡೆದದ್ದನ್ನು ಎಳೆದು ತರಲು, ಕಾರಿನಲ್ಲಿ ರಕ್ತ ಸೋರದಂತೆ ಇಡಲು ಒಂದು ಟ್ರೇ ಬೇಕಿತ್ತು. ಅದನ್ನು ಆರಿಸುವುದರಲ್ಲೇ ನಮಗೆ ಜಗಳ. ಗಾರೆ ಕಲಸುವ ಟ್ರೇ ಅಗ್ಗ, ಆದರೆ ಗಿಡ್ಡ. ಜಿಂಕೆಯ ಕಾಲು ಹೊರಗೆ ಚಾಚುತ್ತದೆ. ಬ್ರೆಡ್ ಜೋಡಿಸುವ ಟ್ರೇಗೆ ತಳದಲ್ಲೆಲ್ಲ ತೂತು. ಎತ್ತರದ ಅಂಚು, ಹಗ್ಗ ಕಟ್ಟಲು ಜಾಗ ಇರುವ ಬೇಟೆಗಾರರ ಟ್ರೇ ದುಬಾರಿ. ಒಂದು ದಿನದ ಕೆಲಸಕ್ಕೆ ಅಷ್ಟೊಂದು ಸುರಿಯಬೇಕೇ ಎಂದು ರೇಗಿದೆ. ನಮ್ಮ ಕನ್ನಡ ಬಳಗದ ಪಾತ್ರೆಗಳೆಲ್ಲ ನನ್ನ ಗರಾಜಿನಲ್ಲೇ ಇರುತ್ತಿದ್ದವು. ಅವುಗಳಲ್ಲಿ ಒಂದು ಉದ್ದನೆಯ ಬಿಳಿ ಪ್ಲಾಸ್ಟಿಕ್ ಟ್ರೇ, ಹಬ್ಬದೂಟಕ್ಕೆ ಕೋಸಂಬರಿ ಕಲಸುವುದು. ಅದನ್ನೇ ಎತ್ತಿಕೊಂಡೆ.

“ಬೇಡ ಮಾರಾಯ, ಅದು ಊಟದ್ದು,” ಎಂದ ಪೂಣಚ್ಚ. ಕೋವಿ ಹಿಡಿಯುವವನಿಗೆ ಇಷ್ಟು ನಾಜೂಕು ಯಾಕೆ ಎಂದು ಅವನ ಬಾಯಿ ಮುಚ್ಚಿಸಿದೆ.

ಪೂಣಚ್ಚ ಹೊಡೆದ ಜಿಂಕೆ ಅದರಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಕರುಳು ತೆಗೆಯಲು ಕೈ ಹಾಕಿದಾಗ ಒಳಗಿದ್ದ ಬಿಸಿ ನನಗೆ ಇನ್ನೂ ನೆನಪಿದೆ. ಮನೆಗೆ ಬಂದು ಟ್ರೇಯನ್ನು ಬ್ಲೀಚ್ ಹಾಕಿ ಎರಡು ಸಲ ಉಜ್ಜಿ, ವಾರವಿಡೀ ಬಿಸಿಲಿಗಿಟ್ಟೆ. ಬಳಗಕ್ಕೆ ಹೊಸದೊಂದು ತಂದಿಡಬೇಕು ಅಂದುಕೊಂಡೆ, ತರಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಮುಂದಿನ ತಿಂಗಳು ಯುಗಾದಿ ಊಟ. ನಾನು ಡ್ಯೂಟಿ ಮುಗಿಸಿ ಹಾಲ್ ತಲುಪುವಷ್ಟರಲ್ಲಿ ಹೆಂಡತಿ ಪಾತ್ರೆಗಳನ್ನೆಲ್ಲ ಸಾಗಿಸಿಯಾಗಿತ್ತು. ಅದೇ ಟ್ರೇಯಲ್ಲಿ, ಆಗತಾನೇ ಫ್ರಿಜ್ಜಿನಿಂದ ತೆಗೆದ ಹೆಸರುಬೇಳೆ ಕೋಸಂಬರಿ. ಬಡಿಸಲು ನಿಂತವರು ಮೈಸೂರಿನಿಂದ ಮಗಳ ಮನೆಗೆ ಬಂದಿದ್ದ ಶಾರದಮ್ಮ ಆಂಟಿ. ಈರುಳ್ಳಿಯನ್ನೂ ಮುಟ್ಟದವರು, ಹೊರಗಡೆ ಒಂದು ಲೋಟ ನೀರನ್ನೂ ಕುಡಿಯದವರು. ನಮ್ಮವರೇ ಮಾಡಿದ ಅಡುಗೆ ಎಂದು ಅವತ್ತು ಊಟಕ್ಕೆ ಒಪ್ಪಿದ್ದರು. ಟ್ರೇಯ ತಳಕ್ಕೆ ಕೈಯಿಟ್ಟು ಸರಿಸುತ್ತಿದ್ದವರು ನಿಂತುಬಿಟ್ಟರು.

“ಇದ್ಯಾಕೆ ಬೆಚ್ಚಗಿದೆ?”

ನಾನೂ ಮುಟ್ಟಿದೆ. ಮೇಲಿನ ಬೇಳೆ ಕೊರೆಯುತ್ತಿತ್ತು. ತಳದ ನಡುಭಾಗ, ಜಿಂಕೆಯ ಹೊಟ್ಟೆ ಇದ್ದ ಜಾಗ, ಬೆಚ್ಚಗಿತ್ತು. ಅದೇ ಬಿಸಿ. ಕೈ ತೆಗೆದು ಮತ್ತೆ ಇಟ್ಟು ನೋಡಿದೆ. ಕೆಳಗೆ ಬರೀ ಮರದ ಮೇಜು. ಬಿಸಿಲಿಲ್ಲ, ಹತ್ತಿರದಲ್ಲಿ ಒಲೆಯಿಲ್ಲ. ಈ ಟ್ರೇ ತರಲು ಯಾರು ಹೇಳಿದ್ದು ಎಂದು ಎಲ್ಲರೆದುರು ಹೆಂಡತಿಯ ಮೇಲೆ ಕೂಗಾಡಿದೆ. ಕೋಸಂಬರಿ ಕೆಟ್ಟಿದೆ, ಎಸೆಯಿರಿ ಎಂದೆ. ಬೆಳಗ್ಗೆಯಿಂದ ಕ್ಯಾರೆಟ್ ತುರಿದವರೆಲ್ಲ ಯಾಕೆ ಎಂದು ಕೇಳಿದರು. ಎಸೆಯಿರಿ ಎಂದರೆ ಎಸೆಯಿರಿ ಎಂದು ಮತ್ತೆ ಕೂಗಿದೆ.

ಆಂಟಿ ಮಾತ್ರ ಸಮಾಧಾನವಾಗಿದ್ದರು.

“ಟ್ರೇ ತೊಳ್ದಿದ್ದು ಯಾರಪ್ಪ?”

“ನಾನೇ ಆಂಟಿ.”

“ನೀನೇ ತೊಳ್ದಿದ್ರೆ ಇನ್ನೇನು ಬಿಡು,” ಎಂದು ಮೊದಲ ಸೌಟನ್ನು ತಮ್ಮ ತಟ್ಟೆಗೇ ಹಾಕಿಕೊಂಡರು. ಆಗಲಾದರೂ ಹೇಳಬೇಕಿತ್ತು. ಅವರು ತಿಂದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದೆ.

ಸಂಜೆ ತೊಳೆಯುವಾಗ ಟ್ರೇ ತಣ್ಣಗಿತ್ತು. ಆಮೇಲೆ ಎಷ್ಟು ಸಲ ಮುಟ್ಟಿದರೂ ತಣ್ಣಗೇ ಇದೆ. ಎಲ್ಲ ನಿನ್ನ ಭ್ರಮೆ ಎಂದ ಪೂಣಚ್ಚನ ಜೊತೆ ಜಗಳವಾಡಿದೆ. ಏನೂ ಗೊತ್ತಿರದ ಆಂಟಿಗೆ ನನಗಿಂತ ಮೊದಲೇ ಅದು ಹೇಗೆ ತಿಳಿಯಿತು ಎಂದು ಕೇಳಿದೆ.

ಪ್ರತಿ ಯುಗಾದಿಗೆ ಆಂಟಿ ಮೈಸೂರಿನಿಂದ ಫೋನ್ ಮಾಡುತ್ತಾರೆ. ಆ ಸಲದ ಕೋಸಂಬರಿ ಎಷ್ಟು ಚೆನ್ನಾಗಿತ್ತು ಎನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ.