ಟೀವಿಯೊಳಗಿನ ಲಾಳಿ

ನಮ್ಮ ಮನೆಯ ಹುಡುಗರು ಈಗ ಮೊಬೈಲಿನಲ್ಲಿ ಆಡುವ ಆಟಗಳಲ್ಲಿ ಕಾಡು, ಸೈನ್ಯ, ಹೆಲಿಕಾಪ್ಟರ್ ಎಲ್ಲ ಇರುತ್ತವೆ. ನಮ್ಮ ವಿಡಿಯೋ ಗೇಮಿನಲ್ಲಿ ಎರಡು ಕಡ್ಡಿ ಮತ್ತು ಒಂದು ಚುಕ್ಕೆ ಇದ್ದವು ಎಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಬರೇ ಚುಕ್ಕಿನಾ?" ಎಂದು ಕೇಳುತ್ತಾರೆ. ಹೌದು, ಬರೀ ಚುಕ್ಕೆ. ಅದಕ್ಕಾಗಿ ನಾನು ಊಟ ಬಿಟ್ಟಿದ್ದೇನೆ, ಅತ್ತೆಯ ಮಗನ ಕೈ ಕಚ್ಚಿದ್ದೇನೆ. ನಗುವವರು ನಗಲಿ.

ಆ ಚುಕ್ಕೆಯನ್ನು ಗಜೇಂದ್ರಗಡದ ನಮ್ಮ ಮನೆಗೆ ತಂದವನು ಕಾಕಾ. ಮುಂಬೈಯಲ್ಲಿ ಕೆಲಸಕ್ಕಿದ್ದ ಅವನು ಒಮ್ಮೆ ರಜೆಗೆ ಬಂದಾಗ ಒಂದು ಕರಿ ಡಬ್ಬಿಯನ್ನು ಟೀವಿಗೆ ಜೋಡಿಸಿದ. ಡಬ್ಬಿಗೆ ರೇಡಿಯೋಕ್ಕಿರುವಂಥ ಎರಡು ತಿರುಪುಗಳಿದ್ದವು. ಅವನ್ನು ತಿರುವಿದರೆ ಪರದೆಯ ಆಚೀಚೆ ಇರುವ ಬಿಳಿ ಕಡ್ಡಿಗಳು ಮೇಲೆ ಕೆಳಗೆ ಸರಿಯುತ್ತಿದ್ದವು. ಅವುಗಳ ನಡುವೆ ಚುಕ್ಕೆ ಟಕ್ ಟಕ್ ಎನ್ನುತ್ತ ಓಡಾಡುತ್ತಿತ್ತು. ಒಂದು ಗುಂಡಿಯನ್ನು ಈ ಕಡೆ ಜರುಗಿಸಿದರೆ ಟೆನಿಸ್, ಆ ಕಡೆ ಜರುಗಿಸಿದರೆ ಫುಟ್‌ಬಾಲ್ ಎಂದು ಕಾಕಾ ಗಂಭೀರವಾಗಿ ಹೇಳಿದ. ನನ್ನ ಕಣ್ಣಿಗೆ ಎರಡೂ ಒಂದೇ ಆಗಿ ಕಂಡವು. ಆದರೂ ಫುಟ್‌ಬಾಲ್ ಆಡುವಾಗ ಕುಳಿತಲ್ಲೇ ಕಾಲು ಝಾಡಿಸುತ್ತಿದ್ದೆ.

ಅತ್ತೆ ನರಗುಂದದಿಂದ ಮಗನನ್ನು ಕರೆದುಕೊಂಡು ಬಂದ ದಿನ ಜಗಳ ಶುರುವಾಯಿತು. ಡಬ್ಬಿ ತನಗೆ ಬೇಕೆಂದು ಅವನು, ಕೊಡುವುದಿಲ್ಲವೆಂದು ನಾನು. ಕಚ್ಚಿದ್ದು ಆಗಲೇ. ಕಾಕಾನಿಗೆ ತಲೆ ಕೆಟ್ಟುಹೋಯಿತು.

"ಸಣ್ಣವ್ರು ಯಾರೂ ಮುಟ್ಟೂದ ಬ್ಯಾಡ. ಎರಡೂ ಮನಿ ದೊಡ್ಡವ್ರು ಆಡ್ಲಿ. ಗೆದ್ದವ್ರ ಮನ್ಯಾಗ ಡಬ್ಬಿ ಇರತೈತಿ. ಯಾರೂ ಗೆಲ್ಲಲಿಲ್ಲಂದ್ರ ನಾನ ಹೊಳ್ಳಿ ಮುಂಬೈಕ್ಕ ಒಯ್ತೇನಿ" ಎಂದ.

ನರಗುಂದದ ಪರವಾಗಿ ಅತ್ತೆ ಕುಳಿತಳು. ನಮ್ಮ ಕಡೆಯಿಂದ ಅವ್ವ ಬರಬೇಕಿತ್ತು, ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಪಕ್ಕದ ಊರು ಸೂಡಿಗೆ ಹೋಗಿದ್ದ. ಕೊನೆಗೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಂದಳು. ಡಬ್ಬಿ ಹೋಯಿತೆಂದುಕೊಂಡೆ. ಟೀವಿಯಲ್ಲಿ ವಾರ್ತೆ ಓದುವವರು ನಮಸ್ಕಾರ ಎಂದರೆ ತಿರುಗಿ ಕೈಮುಗಿಯುವವಳು ಅವಳು.

ಚುಕ್ಕೆ ಒಂದು ಸಲ ಅತ್ತ, ಒಂದು ಸಲ ಇತ್ತ ಹೋಗಿ ಬರುವುದನ್ನು ಅಜ್ಜಿ ನೋಡಿದಳು.

"ಇದು ಲಾಳಿ ಐತಲ್ಲೋ" ಎಂದಳು.

ನಮ್ಮದು ನೇಕಾರರ ಮನೆ, ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವುದು ಲಾಳಿ. ಅಜ್ಜಿಯ ಅರ್ಧ ಆಯುಷ್ಯ ಮಗ್ಗದ ಕುಣಿಯಲ್ಲೇ ಕಾಲು ಇಳಿಬಿಟ್ಟು ಕಳೆದಿತ್ತು. ಅತ್ತೆಯೂ ಲಗ್ನವಾಗುವ ತನಕ ಅದೇ ಮಗ್ಗದಲ್ಲಿ ಸೀರೆ ನೇಯ್ದವಳು.

"ಲಾಳಿ ಅಲ್ಲ ಯವ್ವಾ, ಚಂಡು. ಅಕ್ಕ ತಪ್ಪಿಸಿದ್ರ ನೀ ಗೆದ್ದಿ" ಎಂದು ಕಾಕಾ ತಿಳಿಸಿ ಹೇಳಿದ.

"ಅಕಿ ಯಾಕ ತಪ್ಪಸ್ತಾಳ? ನಾ ಕಲಿಸಿದ ಕೈ ಅದು."

ಆಟ ಶುರುವಾಯಿತು. ಅಜ್ಜಿ ಕಳಿಸಿದಳು, ಅತ್ತೆ ಹಿಡಿದಳು. ಅತ್ತೆ ಕಳಿಸಿದಳು, ಅಜ್ಜಿ ಹಿಡಿದಳು. ಚುಕ್ಕೆ ಟಕ್ ಟಕ್ ಎನ್ನುತ್ತಲೇ ಇತ್ತು. ನಾನೂ ಅತ್ತೆಯ ಮಗನೂ ಉಗುರು ಕಚ್ಚುತ್ತ ಕುಳಿತೆವು. ಬಹಳ ಹೊತ್ತಿನ ಮೇಲೆ ಅತ್ತೆಗೆ ಸೀನು ಬಂತು, ಚುಕ್ಕೆ ಅವಳ ಕಡ್ಡಿ ದಾಟಿ ಹೋಯಿತು. ನಮ್ಮ ಕಡೆ ಒಂದು ಎಂದು ಟೀವಿ ತೋರಿಸಿತು. ನಾನು ಕುಣಿಯತೊಡಗಿದೆ.

"ಎಳಿ ಹರೀತು" ಎಂದು ಅಜ್ಜಿ ಲೊಚಗುಟ್ಟಿದಳು. ಎಳೆ ಹರಿದರೆ ನೇಕಾರರು ಮಗ್ಗ ನಿಲ್ಲಿಸಿ ಕೂಡಿಸುತ್ತಾರೆ. ಅಜ್ಜಿ ಕೈಚಾಚಿ, ಕಾಕಾ ತೋರಿಸಿಕೊಟ್ಟಿದ್ದ ಮೊದಲಿನಿಂದ ಶುರುಮಾಡುವ ಗುಂಡಿ ಒತ್ತಿಬಿಟ್ಟಳು. ನನ್ನ ಒಂದು ಹೋಗಿ ಸೊನ್ನೆಯಾಯಿತು.

ಆಮೇಲೆ ಅಜ್ಜಿಯೂ ಒಮ್ಮೆ ತಪ್ಪಿಸಿದಳು. ಅತ್ತೆ ತಾನೂ ಲೊಚಗುಟ್ಟಿ ಗುಂಡಿ ಒತ್ತಿದಳು. ಅವಳ ಮಗ ನೆಲಕ್ಕೆ ಬಿದ್ದು ಹೊರಳಾಡಿದ. ನನಗೆ ಅವನ ಮೇಲೆ ಮೊದಲ ಸಲ ಪ್ರೀತಿ ಬಂತು, ಇಬ್ಬರ ಗತಿಯೂ ಒಂದೇ ಆಗಿತ್ತಲ್ಲ. ಕಾಕಾ "ಅದು ಹಂಗಲ್ಲ, ಅದು ಹಂಗಲ್ಲ" ಎಂದು ಹೇಳಿ ಹೇಳಿ ಬೇಸತ್ತು ಚಹಾ ಕುಡಿಯಲು ಹೋದ. ಇವರಿಬ್ಬರೂ ಯಾರ ಮನೆಯ ಎಮ್ಮೆ ಈಯಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು ಎಂದು ಮಾತಾಡುತ್ತ ಆಡುತ್ತಲೇ ಇದ್ದರು.

ಹೊರಗೆ ಬಿಸಿಲು ಇಳಿಯಿತು. ಅತ್ತೆ ಬಂದಾಗಲೆಲ್ಲ ಸಂಜೆಯ ಕೊನೆಯ ಬಸ್ಸಿಗೇ ಹೊರಟುಬಿಡುತ್ತಿದ್ದಳು, ಆ ದಿನವೂ ಅವಳ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ನಮ್ಮ ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ. ರೋಣದ ಮೇಲೆ ನರಗುಂದಕ್ಕೆ ಹೋಗುವ ಬಸ್ಸು ಗುರುಗುಟ್ಟಿ ಶುರುವಾದದ್ದು ಎಲ್ಲರಿಗೂ ಕೇಳಿಸಿತು. ಅತ್ತೆ ಎದ್ದರೆ ಆಟ ಮುಗಿದಂತೆ, ಡಬ್ಬಿ ಮುಂಬೈ ಪಾಲು. ನಾನು ಅಜ್ಜಿಯ ಕಿವಿಗೆ ಬಾಯಿ ಹಚ್ಚಿದೆ.

"ಆಯಿ, ಬಸ್ ಹೊಂಟತು. ಲಗೂ ಗೆಲ್ಲು."

ಅಜ್ಜಿ ಟೀವಿಯಿಂದ ಕಣ್ಣು ತೆಗೆಯದೆ, "ಬಸ್ ಹೋಗೂತನಕಾ ಆಡೂದೈತಿ. ಗಪ್ ಕೂಡು" ಎಂದಳು.

ಅತ್ತೆಗೂ ಅದು ಕೇಳಿಸಿತು. ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು, ತಿರುಪಿನ ಮೇಲಿನ ಕೈ ಮಾತ್ರ ತೆಗೆಯಲಿಲ್ಲ. ಬಸ್ಸಿನ ಸದ್ದು ದೂರವಾಗಿ ಪೂರ್ತಿ ನಿಂತ ಮೇಲೆ ಇಬ್ಬರೂ ಒಟ್ಟಿಗೇ ಕೈಬಿಟ್ಟರು. ಚುಕ್ಕೆ ಎತ್ತಲೋ ಹೋಯಿತು. ಈ ಸಲ ಯಾರೂ ಗುಂಡಿ ಒತ್ತಲಿಲ್ಲ.

ಕಾಕಾ ಆಡಿದ ಮಾತಿನಂತೆ ಡಬ್ಬಿಯನ್ನು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡ. ನಾನು ಅತ್ತೆಯ ಎದುರಿಗೇ ಗೊಳೋ ಎಂದು ಅತ್ತುಬಿಟ್ಟೆ. ಅಜ್ಜಿ ನನ್ನ ಕಡೆ ತಿರುಗಿಯೂ ನೋಡದೆ ಅಡುಗೆಮನೆಯತ್ತ ಹೋಗಿ ಅವ್ವನಿಗೆ ಹೇಳಿದಳು:

"ಇನ್ನೊಂದೀಟ ರೊಟ್ಟಿ ಬಡಿಯವ್ವಾ. ನನ್ನ ಮಗಳು ಇವತ್ತ ಇಲ್ಲೇ ಇರ್ತಾಳ."